ದಿನಗಟ್ಟಲೆ ಕರೆಂಟಿಲ್ಲದಾಗ: ಟಾರ್ಚು, ಲಾಟೀನುಗಳ ಬಗ್ಗೆ ಓದುಗರ ಪ್ರಶ್ನೆಗಳು

ಕರೆಂಟು ಒಂದೆರಡು ಗಂಟೆ ಹೋದರೆ ಕೈಗೆ ಸಿಕ್ಕ ಯಾವ ಟಾರ್ಚಾದರೂ ಸಾಕು. ಮೂರು ನಾಲ್ಕು ರಾತ್ರಿ ಬಾರದಿದ್ದರೆ ಟಾರ್ಚು ಎಷ್ಟು ಪ್ರಖರ ಎಂಬುದಕ್ಕಿಂತ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದೇ ಮುಖ್ಯವಾಗುತ್ತದೆ. ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಲೆಕ್ಕಕ್ಕೇ ಸಂಬಂಧಿಸಿದವು.

ಪ್ರಶ್ನೆ: ನನ್ನ ಟಾರ್ಚು 1000 ಲ್ಯೂಮೆನ್‌ನದು. ಪೆಟ್ಟಿಗೆಯ ಮೇಲೆ 4 ಗಂಟೆ ಉರಿಯುತ್ತದೆ ಎಂದಿದೆ. ಅರ್ಧ ಗಂಟೆ ಕಳೆಯುವುದರೊಳಗೆ ಮಂಕಾಗುತ್ತದೆ. ಇದು ಮೋಸವೇ?

ಮೋಸ ಎನ್ನುವಂತಿಲ್ಲ, ಆದರೆ ಆ 4 ಗಂಟೆಯ ಅರ್ಥ ನೀವು ಅಂದುಕೊಂಡದ್ದಲ್ಲ. ಲ್ಯೂಮೆನ್ ಎಂದರೆ ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ. ಟಾರ್ಚುಗಳಿಗೆ ಎಎನ್‌ಎಸ್‌ಐ ಎಫ್‌ಎಲ್ 1 ಎಂಬ ಅಳತೆಯ ಮಾನದಂಡವಿದೆ. ಅದರ ಪ್ರಕಾರ, ಟಾರ್ಚು ಹಚ್ಚಿ 30 ಸೆಕೆಂಡು ಆದಾಗ ಎಷ್ಟು ಬೆಳಕಿತ್ತೋ ಅದು ಶೇಕಡಾ 10ಕ್ಕೆ ಇಳಿಯುವವರೆಗಿನ ಅವಧಿಯೇ 'ಉರಿಯುವ ಕಾಲ'. ಅಂದರೆ ಸಾವಿರ ಲ್ಯೂಮೆನ್ ನೂರಕ್ಕೆ ಬಂದು ನಿಲ್ಲುವವರೆಗೂ ಗಡಿಯಾರ ಓಡುತ್ತಲೇ ಇರುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಟಾರ್ಚು ಸಾವಿರ ಲ್ಯೂಮೆನ್ನಿನ ಬಿಸಿಯನ್ನು ಹೊರಹಾಕಲಾರದು. ಹಾಗಾಗಿ ಕೆಲವೇ ನಿಮಿಷಗಳಲ್ಲಿ ಒಳಗಿನ ಸರ್ಕ್ಯೂಟು ತಾನಾಗಿ ಬೆಳಕನ್ನು ಇಳಿಸುತ್ತದೆ. ನೀವು ಕಂಡದ್ದು ಇದನ್ನೇ ಇರಬಹುದು.

ಲೆಕ್ಕ ಸುಲಭ. ಒಳ್ಳೆಯ ಎಲ್‌ಇಡಿ ಟಾರ್ಚು ಒಂದು ವಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ. 18650 ಅಳತೆಯ (18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ, ಮತ್ತೆ ಚಾರ್ಜಾಗುವ) ಒಂದು ಒಳ್ಳೆಯ ಲಿಥಿಯಂ ಸೆಲ್ಲಿನಲ್ಲಿ 12 ವಾಟ್ ಅವರ್ ಇರುತ್ತದೆ. ಒಂದು ವಾಟಿನ ದೀಪವನ್ನು ಒಂದು ಗಂಟೆ ಉರಿಸುವ ಶಕ್ತಿಯೇ ಒಂದು ವಾಟ್ ಅವರ್. 1000 ಲ್ಯೂಮೆನ್ನಿಗೆ 10 ವಾಟ್ ಬೇಕು, ಆದ್ದರಿಂದ ಒಂದು ಗಂಟೆ ಚಿಲ್ಲರೆ. ಅದೇ ಸೆಲ್ 100 ಲ್ಯೂಮೆನ್ನಿನಲ್ಲಿ ಹನ್ನೆರಡು ಗಂಟೆ ಬರುತ್ತದೆ. 10 ಲ್ಯೂಮೆನ್ನಿಗೆ ಇಳಿಸಿದರೆ ಹಲವು ರಾತ್ರಿ ಕಳೆಯಬಹುದು.

ಸೆಲ್ಲಿನ ಮೇಲೇನು ಅಚ್ಚಾಗಿದೆ ಎಂದೂ ನೋಡಿ. 18650 ಸೆಲ್ಲಿನ ನಿಜವಾದ ಸಾಮರ್ಥ್ಯ ಹೆಚ್ಚೆಂದರೆ 3500 ಎಂಎಎಚ್ (ಮಿಲಿಆಂಪಿಯರ್ ಅವರ್, ಸೆಲ್ಲು ಎಷ್ಟು ಚಾರ್ಜು ಹಿಡಿಯುತ್ತದೆ ಎಂಬ ಅಳತೆ) ಆಸುಪಾಸು. 6800, 9900 ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ: ಸಾಚಾ ಸೆಲ್ಲು 45ರಿಂದ 50 ಗ್ರಾಂ ತೂಗುತ್ತದೆ. ಮೂವತ್ತು ಚಿಲ್ಲರೆ ಗ್ರಾಂ ಬಂದರೆ ಒಳಗೆ ಮಾಲು ಕಮ್ಮಿ ಎಂದೇ ಲೆಕ್ಕ.

ಪ್ರಶ್ನೆ: 10 ಲ್ಯೂಮೆನ್ನಿನಲ್ಲಿ ಏನು ಕಾಣುತ್ತದೆ? ಯಾವ ಕೆಲಸಕ್ಕೆ ಎಷ್ಟು ಬೆಳಕು ಬೇಕು?

ಒಂದು ಮೇಣದಬತ್ತಿಯ ಬೆಳಕು ಸುಮಾರು 12 ಲ್ಯೂಮೆನ್. ಹಳೆಯ 60 ವಾಟ್ ಬುರುಡೆ ಬಲ್ಬಿನದು 800. ನಮ್ಮ ಕಣ್ಣು ಆ 800ಕ್ಕೆ ಒಗ್ಗಿರುವುದರಿಂದ ಕರೆಂಟು ಹೋದ ಕೂಡಲೇ 10 ಲ್ಯೂಮೆನ್ ಏನೂ ಅಲ್ಲ ಅನಿಸುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಆಮೇಲೆ ಅದೇ 10 ಲ್ಯೂಮೆನ್ನಿನಲ್ಲಿ ಕೋಣೆಯ ಕುರ್ಚಿ, ಮೇಜು, ನೀರಿನ ಪಾತ್ರೆ ಎಲ್ಲ ಕಾಣುತ್ತವೆ. ಯಾರಾದರೂ ಮುಖಕ್ಕೆ ಒಮ್ಮೆ ಪ್ರಖರ ಟಾರ್ಚು ಬಿಟ್ಟರೆ ಹೊಂದಾಣಿಕೆಯೆಲ್ಲ ಮೊದಲಿಂದ ಶುರು.

ರಾತ್ರಿ ಎದ್ದು ಬಚ್ಚಲಿಗೆ ಹೋಗಿಬರಲು 1ರಿಂದ 5 ಲ್ಯೂಮೆನ್ ಸಾಕು. ಕೂತು ಮಾತಾಡಲು, ಉಣ್ಣಲು 40–60. ಪುಸ್ತಕದ ಪಕ್ಕದಲ್ಲೇ ಇಟ್ಟುಕೊಂಡರೆ ಓದಲು 30ರಿಂದ 50. ಚಾಕು ಹಿಡಿದು ಹೆಚ್ಚುವಾಗ, ಒಲೆಯ ಮುಂದೆ ನಿಂತಾಗ, ಗಾಯಕ್ಕೆ ಪಟ್ಟಿ ಕಟ್ಟುವಾಗ ಮಾತ್ರ ಜಿಪುಣತನ ಬೇಡ, 100 ಇಟ್ಟುಕೊಳ್ಳಿ. 300ಕ್ಕಿಂತ ಮೇಲಿನದು ಹೊರಗೆ ಏನೋ ಸದ್ದಾದಾಗ ನೋಡಲು.

ಬೆಳಕನ್ನು ಎಲ್ಲಿಗೆ ಬಿಡುತ್ತೀರಿ ಎಂಬುದರಲ್ಲೇ ಅರ್ಧ ಲಾಭವಿದೆ. ಟಾರ್ಚನ್ನು ಮೇಜಿನ ಮೇಲೆ ಮಲಗಿಸಿದರೆ ಗೋಡೆಯ ಮೇಲೊಂದು ಬಿಳಿ ಚುಕ್ಕೆ ಬೀಳುತ್ತದೆ, ಉಳಿದ ಕೋಣೆ ಇನ್ನಷ್ಟು ಕಪ್ಪಗೆ ಕಾಣುತ್ತದೆ. ಅದನ್ನೇ ಬಾಲದ ಮೇಲೆ ನಿಲ್ಲಿಸಿ ಬಿಳಿ ಚಾವಣಿಗೆ ಬಿಡಿ, ಕೋಣೆಯಿಡೀ ನೆರಳಿಲ್ಲದ ಮೆದು ಬೆಳಕು ಇಳಿಯುತ್ತದೆ. ಬಾಲದಲ್ಲಿ ಗುಂಡಿ ಉಬ್ಬಿದ್ದು ನಿಲ್ಲದಿದ್ದರೆ ಲೋಟದೊಳಗೆ ಇಳಿಸಿ ನಿಲ್ಲಿಸಿ. ಚಾವಣಿ ಮರದ್ದೋ ಗಾಢ ಬಣ್ಣದ್ದೋ ಆಗಿದ್ದರೆ ಅದು ಬೆಳಕನ್ನು ನುಂಗಿಬಿಡುತ್ತದೆ. ಆಗ ಕೋಣೆಯ ಮೂಲೆಯಲ್ಲಿ, ಎರಡು ತಿಳಿ ಬಣ್ಣದ ಗೋಡೆಗಳು ಸೇರುವ ಕಡೆಗೆ ತಿರುಗಿಸಿ ಇಡಿ. ಹಾಲುಬಿಳುಪಿನ ಪ್ಲಾಸ್ಟಿಕ್ ಡಬ್ಬಿಯನ್ನು ಮೇಲೆ ಬೋರಲು ಹಾಕಿದರೆ ಟಾರ್ಚೇ ಲಾಟೀನಾಗುತ್ತದೆ. ಆದರೆ ಇದು ಕಡಿಮೆ ಬೆಳಕಿನಲ್ಲಿ ಮಾಡುವ ಕೆಲಸ. ಸಾವಿರ ಲ್ಯೂಮೆನ್ನಿನ ಟಾರ್ಚಿನ ಮೂತಿಗೆ ಪ್ಲಾಸ್ಟಿಕ್ಕೋ ಬಟ್ಟೆಯೋ ತಾಗಿದರೆ ಕರಗುತ್ತದೆ, ಕರಕಲಾಗುತ್ತದೆ.

ಪ್ರಶ್ನೆ: ನಾಲ್ಕು ಜನರ ಮನೆಗೆ ಐದು ರಾತ್ರಿಗೆ ಎಷ್ಟು ಸೆಲ್ ತಂದಿಡಬೇಕು?

ಊಹೆ ಬೇಡ, ಕೂಡಿಸಿ ನೋಡೋಣ. ಎಲ್ಲರೂ ಕೂರುವ ಕೋಣೆಯಲ್ಲಿ 100 ಲ್ಯೂಮೆನ್ನಿನ ಒಂದು ಲಾಟೀನು ದಿನಕ್ಕೆ 5 ಗಂಟೆ: 5 ವಾಟ್ ಅವರ್. ನಾಲ್ವರಿಗೂ ಒಂದೊಂದು ತಲೆದೀಪ, 20–25 ಲ್ಯೂಮೆನ್ನಿನಲ್ಲಿ ತಲಾ 2 ಗಂಟೆ: ಎಲ್ಲ ಸೇರಿ 2. ಓಣಿಯಲ್ಲೋ ಬಚ್ಚಲಲ್ಲೋ ರಾತ್ರಿಯಿಡೀ 5 ಲ್ಯೂಮೆನ್ನಿನ ಪುಟ್ಟ ದೀಪ: ಅರ್ಧದಿಂದ ಒಂದು. ದಿನಕ್ಕೆ 8, ಐದು ದಿನಕ್ಕೆ 40 ವಾಟ್ ಅವರ್.

ಒಂದು ಎಎ ಆಲ್ಕಲೈನ್ ಸೆಲ್ಲಿನಿಂದ ನಿಜವಾಗಿ ಸಿಗುವುದು ಸುಮಾರು ಎರಡೂವರೆ ವಾಟ್ ಅವರ್. 40ಕ್ಕೆ 16 ಸೆಲ್ ಬೇಕಾಯಿತು. ಮರೆತು ಉರಿಸಿಬಿಟ್ಟದ್ದು, ಹಳೆಯದಾದದ್ದು ಎಂದು ಅರ್ಧದಷ್ಟು ಸೇರಿಸಿ 24 ಇಡಿ. ದಪ್ಪನೆಯ ಡಿ ಸೆಲ್ಲು ಒಂದೇ 15ಕ್ಕಿಂತ ಹೆಚ್ಚು ವಾಟ್ ಅವರ್ ಕೊಡುತ್ತದೆ, ಅಂದರೆ ಆರು ಎಎಗೆ ಸಮ. ಮೂರು ಡಿ ಸೆಲ್ ಹಾಕುವ ಲಾಟೀನು 100 ಲ್ಯೂಮೆನ್ನಿನಲ್ಲಿ ನಲವತ್ತಕ್ಕೂ ಹೆಚ್ಚು ಗಂಟೆ ಬರುತ್ತದೆ. ಕೈಯಲ್ಲಿ ಹಿಡಿದು ಓಡಾಡಲು ಭಾರ, ಮೇಜಿನ ಮೇಲಿಡಲು ಇದಕ್ಕಿಂತ ನೆಮ್ಮದಿಯದು ಇಲ್ಲ.

ಪವರ್ ಬ್ಯಾಂಕಿನ 10000 ಎಂಎಎಚ್ ಎಂಬುದು ಒಳಗಿನ 3.7 ವೋಲ್ಟಿನ ಲೆಕ್ಕ, ಒಟ್ಟು 37 ವಾಟ್ ಅವರ್. ಅದನ್ನು 5 ವೋಲ್ಟಿಗೆ ಏರಿಸುವಾಗ ಕಳೆದುಹೋಗುವುದು ಹೋಗಿ 25–30 ಕೈಗೆ ಬರುತ್ತದೆ. ಯುಎಸ್‌ಬಿಗೆ ಸಿಕ್ಕಿಸುವ ಒಂದು ವಾಟಿನ ಪುಟ್ಟ ದೀಪವಿದ್ದರೆ ಅಷ್ಟೇ ಗಂಟೆ ಬೆಳಕು. ಒಂದು ಕಿರಿಕಿರಿಯಿದೆ: ತೀರಾ ಕಡಿಮೆ ಕರೆಂಟು ಎಳೆಯುವ ದೀಪ ಹಾಕಿದರೆ ಕೆಲವು ಪವರ್ ಬ್ಯಾಂಕುಗಳು ಏನೂ ಸಿಕ್ಕಿಸಿಲ್ಲವೆಂದು ತಿಳಿದು ಅರ್ಧ ನಿಮಿಷಕ್ಕೇ ಆರಿಹೋಗುತ್ತವೆ. ಕೊಳ್ಳುವ ಮುಂಚೆ ದೀಪ ಹಚ್ಚಿ ಐದು ನಿಮಿಷ ನೋಡಿ.

ಇನ್ನೊಂದು: ಮನೆಯ ದೀಪಗಳೆಲ್ಲ ಆದಷ್ಟು ಒಂದೇ ಅಳತೆಯ ಸೆಲ್ಲಿನವಾಗಿರಲಿ. ನಾಲ್ಕನೆಯ ರಾತ್ರಿ ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬೇಕಾದಾಗ ಇದರ ಬೆಲೆ ತಿಳಿಯುತ್ತದೆ.

ಪ್ರಶ್ನೆ: ತಲೆಗೆ ಕಟ್ಟುವ ದೀಪ ಗಣಿ ಕೆಲಸದವರಿಗಲ್ಲವೇ? ಮನೆಗೇಕೆ?

ಒಂದು ಕೈಯಲ್ಲಿ ಟಾರ್ಚು ಹಿಡಿದು ಇನ್ನೊಂದರಲ್ಲಿ ಬಿಸಿ ಪಾತ್ರೆ ಇಳಿಸಿ ನೋಡಿ, ಉತ್ತರ ಅಲ್ಲೇ ಇದೆ. ಮೆಟ್ಟಿಲು ಇಳಿಯುವಾಗಲೂ ಒಂದು ಕೈ ಕಂಬಿಗೆ ಬಿಡುವಾಗಿರಬೇಕು. ಎದುರಿಗಿರುವವರೊಡನೆ ಮಾತಾಡುವಾಗ ಮಾತ್ರ ಅದನ್ನು ಕೆಳಕ್ಕೆ ಬಾಗಿಸಿ, ಇಲ್ಲವೇ ಕೊರಳಿಗೆ ಇಳಿಸಿಕೊಳ್ಳಿ. ಬಿಳುಪಾದ ನೀರಿನ ಕ್ಯಾನಿಗೆ ದೀಪ ಒಳಮುಖವಾಗಿ ಬರುವಂತೆ ಪಟ್ಟಿ ಸುತ್ತಿದರೆ ಕ್ಯಾನು ಪೂರ್ತಿ ಬೆಳಗುತ್ತದೆ. ಇದು ನಿಜಕ್ಕೂ ಕೆಲಸಕ್ಕೆ ಬರುವ ಉಪಾಯ.

ಪ್ರಶ್ನೆ: ಎರಡು ವರ್ಷದ ಮೇಲೆ ಟಾರ್ಚು ತೆಗೆದರೆ ಒಳಗೆಲ್ಲ ಬಿಳಿ ಪುಡಿ. ಹತ್ತುವುದೂ ಇಲ್ಲ. ಎಸೆಯಬೇಕೇ?

ಎಸೆಯುವ ಮುಂಚೆ ಅರ್ಧ ಗಂಟೆ ಕೊಡಿ. ಆಲ್ಕಲೈನ್ ಸೆಲ್ಲಿನೊಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಸೆಲ್ಲು ಖಾಲಿಯಾಗುತ್ತ ಒಳಗೆ ಹೈಡ್ರೋಜನ್ ಅನಿಲ ಸೇರಿಕೊಂಡು, ಕೊನೆಗೆ ಮುಚ್ಚಳದ ಸೀಲು ಬಿಟ್ಟುಕೊಳ್ಳುತ್ತದೆ. ಹೊರಬಂದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬಿಳಿ ಹರಳಾಗುತ್ತದೆ. ನೀವು ಕಂಡ ಪುಡಿ ಅದೇ.

ಕೈಗವಸು, ಕನ್ನಡಕ ಹಾಕಿಕೊಳ್ಳಿ. ಟಾರ್ಚನ್ನು ಬೋರಲು ಹಿಡಿದು ಅಂಗೈಗೆ ತಟ್ಟಿ ಸೆಲ್ಲು ಬೀಳಿಸಿ. ಅಲ್ಯೂಮಿನಿಯಂ ಕೊಳವೆಯಾದರೆ ಕ್ಷಾರ ಲೋಹವನ್ನೂ ತಿಂದು ಸೆಲ್ಲು ಕಚ್ಚಿಕೊಂಡಿರಬಹುದು. ಎರಡೂ ತುದಿ ಬಿಚ್ಚಿ ಮರದ ಕಡ್ಡಿಯಿಂದ ಹಿಂದಿನಿಂದ ಮೆಲ್ಲಗೆ ತಳ್ಳಿ. ಕೊರೆಯುವುದು, ಬೆಂಕಿಗೆ ಹಿಡಿಯುವುದು ಬೇಡ. ಒಣ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆಡವಿ. ಹತ್ತಿಕಡ್ಡಿಗೆ ವಿನೆಗರ್ ಅಥವಾ ನಿಂಬೆರಸ ಅದ್ದಿ ಕಲೆಗೆ ಒತ್ತಿದರೆ ಬುಸಬುಸ ಎಂದು ಸಣ್ಣ ನೊರೆ ಏಳುತ್ತದೆ. ನೊರೆ ಏಳುವುದು ನಿಂತ ಮೇಲೆ ಕ್ಷಾರ ಉಳಿದಿಲ್ಲ ಎಂದರ್ಥ. ವಿನೆಗರನ್ನು ಹಾಗೇ ಬಿಟ್ಟರೆ ಅದೂ ಲೋಹ ತಿನ್ನುತ್ತದೆ, ಆದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ಪ್ರಿಂಗು ಮತ್ತು ತಗಡಿನ ತುದಿ ಹಸಿರೋ ಕಪ್ಪೋ ಆಗಿದ್ದರೆ 600ನೇ ನಂಬರಿನ ಮರಳು ಕಾಗದದಿಂದ ಹೊಳಪು ಬರುವಷ್ಟು ಮಾತ್ರ ಉಜ್ಜಿ. ಹೊರಮೆರುಗು ಪೂರಾ ಹೋದರೆ ಸ್ಪ್ರಿಂಗು ಬೇಗ ತುಕ್ಕು ಹಿಡಿಯುತ್ತದೆ. ಕೊಳವೆಯ ಮರೆಗಳನ್ನೂ, ಅಂದರೆ ಮುಚ್ಚಳ ತಿರುಗಿಸಿ ಕೂರಿಸುವ ತಿರುಪಿನ ಗೆರೆಗಳನ್ನೂ ಬಿಡಬೇಡಿ. ಹೆಚ್ಚಿನ ಟಾರ್ಚುಗಳಲ್ಲಿ ಕರೆಂಟು ಹರಿಯುವುದು ಕೊಳವೆಯ ಮೈಯಿಂದಲೇ. ಮರೆಯಲ್ಲಿ ಕೊಳೆ ಕೂತರೆ ಹೊಸ ಸೆಲ್ಲಿಗೂ ಟಾರ್ಚು ಮಿಣುಕುತ್ತದೆ.

ಹಳೆಯ ಮಾದರಿಯ ಸತು-ಇಂಗಾಲದ ಅಗ್ಗದ ಸೆಲ್ಲು ಸೋರಿದ್ದರೆ ಲೆಕ್ಕ ತಿರುಗುಮುರುಗು. ಅದರ ಸೋರಿಕೆ ಆಮ್ಲೀಯ, ಅಂಟಂಟು. ಅದಕ್ಕೆ ಅರ್ಧ ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಬಳಸಿ.

ಮತ್ತೆ ಹೀಗಾಗದಿರಲು ಟಾರ್ಚಿನಿಂದ ಸೆಲ್ಲು ತೆಗೆದು ಪಕ್ಕದಲ್ಲೇ ಕಟ್ಟಿಡಿ. ಹಳತು ಹೊಸತು ಬೆರೆಸಿ ಹಾಕಬೇಡಿ. ಸಾಲಾಗಿ ಕೂತ ಸೆಲ್ಲುಗಳಲ್ಲಿ ಬಡಪಾಯಿ ಒಂದು ಮೊದಲು ಖಾಲಿಯಾಗುತ್ತದೆ, ಉಳಿದವು ಖಾಲಿಯಾದ ಅದರ ಮೂಲಕ ಇನ್ನೂ ಕರೆಂಟು ನೂಕಿ ಅದರ ಧ್ರುವಗಳನ್ನೇ ಉಲ್ಟಾ ಮಾಡುತ್ತವೆ, ಸೋರುವುದು ಅದೇ.

ಪ್ರಶ್ನೆ: ಹಾಗಿದ್ದರೆ ತಂದಿಡಲು ಯಾವ ಸೆಲ್ಲು ಒಳ್ಳೆಯದು?

ವರ್ಷಗಟ್ಟಲೆ ಮುಟ್ಟದೆ ಇಡುವುದಾದರೆ ಎಎ ಅಳತೆಯ, ಮತ್ತೆ ಚಾರ್ಜು ಮಾಡಲಾಗದ 1.5 ವೋಲ್ಟಿನ ಲಿಥಿಯಂ ಸೆಲ್. ಸುಮಾರು 20 ವರ್ಷ ಬಾಳುತ್ತದೆ, ಸೋರುವುದು ಬಲು ಅಪರೂಪ, ತೂಕವೂ ಕಡಿಮೆ. ದುಬಾರಿ ಎಂಬುದೊಂದೇ ದೂರು. ವಾರಕ್ಕೊಮ್ಮೆ ಕರೆಂಟು ಹೋಗುವ ಮನೆಗೆ ಮತ್ತೆ ಮತ್ತೆ ಚಾರ್ಜು ಮಾಡಬಹುದಾದ, ಚಾರ್ಜ್ ಬೇಗ ಇಳಿಯದ ಬಗೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲೇ ಸರಿ. ಇದು 1.2 ವೋಲ್ಟ್ ಇದ್ದರೂ ಇಂದಿನ ಬಹುತೇಕ ಎಲ್‌ಇಡಿ ದೀಪಗಳಿಗೆ ತೊಂದರೆಯಿಲ್ಲ. ಆಲ್ಕಲೈನನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಿ, ದೀಪದೊಳಗಲ್ಲ.

ಆಲ್ಕಲೈನ್ ಸೆಲ್ಲನ್ನು ಗಟ್ಟಿ ಮೇಜಿನ ಮೇಲೆ ಬೀಳಿಸಿದಾಗ ಪುಟಿದರೆ ಖಾಲಿ, 'ದಪ್' ಎಂದು ನಿಂತರೆ ತುಂಬಿದೆ ಎಂದು ಹಲವರು ಬರೆದಿದ್ದೀರಿ. ಅರ್ಧ ಸತ್ಯ. ಹೊಸದು ಪುಟಿಯದು, ಅದು ಸರಿ. ಆದರೆ ಅರ್ಧ ಖರ್ಚಾಗುವ ಹೊತ್ತಿಗೇ ಸೆಲ್ಲು ಪೂರ್ತಿ ಪುಟಿಯತೊಡಗುತ್ತದೆ. ಪುಟಿಯಿತೆಂದು ಎಸೆದರೆ ಅರ್ಧ ಸೆಲ್ಲು ಎಸೆದಂತೆ. ವೋಲ್ಟ್ ಅಳೆಯುವ ಮೀಟರಿನಲ್ಲಿ ನೋಡಿ: 1.5 ವೋಲ್ಟಿಗಿಂತ ಮೇಲೆ ಹೊಸದು, 1.2–1.3 ಇದ್ದರೆ ಸಣ್ಣ ರಾತ್ರಿದೀಪಕ್ಕೆ ಇನ್ನೂ ಆಗುತ್ತದೆ, 1ರ ಕೆಳಗೆ ಮುಗಿಯಿತು.

ಪ್ರಶ್ನೆ: ಗೋಡೆಗೆ ಸಿಕ್ಕಿಸಿ ಚಾರ್ಜು ಮಾಡುವ ಎಮರ್ಜೆನ್ಸಿ ಲೈಟು ಆರು ತಿಂಗಳು ಕಪಾಟಿನಲ್ಲಿತ್ತು. ಈಗ ಹತ್ತು ನಿಮಿಷವೂ ನಿಲ್ಲುವುದಿಲ್ಲ.

ಎತ್ತಿದರೆ ಭಾರವಿದೆಯೇ? ಹಾಗಾದರೆ ಒಳಗಿರುವುದು 4 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. ಇದನ್ನು ಖಾಲಿ ಇಟ್ಟರೆ ಸೀಸದ ಫಲಕಗಳ ಮೇಲೆ ಗಟ್ಟಿ ಸಲ್ಫೇಟ್ ಹರಳು ಕೂತು ಮತ್ತೆ ಕರಗುವುದಿಲ್ಲ. ಉರಿಸಿದ ದಿನವೇ ಚಾರ್ಜು ಮಾಡಬೇಕು, ಬಳಸದಿದ್ದರೂ ಎರಡು ಮೂರು ತಿಂಗಳಿಗೊಮ್ಮೆ ಮಾಡಬೇಕು. ಹಾಗೆಂದು ವರ್ಷವಿಡೀ ಸಿಕ್ಕಿಸಿಯೇ ಇಟ್ಟರೆ, ತಾನಾಗಿ ನಿಲ್ಲದ ಅಗ್ಗದ ಚಾರ್ಜರು ಬ್ಯಾಟರಿಯ ನೀರನ್ನು ಒಣಗಿಸುತ್ತದೆ. ಚಾರ್ಜು ಮುಗಿಸಿ ಐದಾರು ಗಂಟೆ ಬಿಟ್ಟು ಅಳೆದಾಗ 4.2 ವೋಲ್ಟಿಗಿಂತ ಮೇಲಿದ್ದರೆ ಜೀವವಿದೆ. 4ರ ಕೆಳಗೆ ಬಿದ್ದಿದ್ದರೆ ಅದೇ ಅಳತೆಯ ಬ್ಯಾಟರಿ ಬದಲಿಸಿ. ಆ ಜಾಗಕ್ಕೆ ಲಿಥಿಯಂ ಸೆಲ್ಲು ಕೂರಿಸಬೇಡಿ, ಈ ಚಾರ್ಜರು ಅದಕ್ಕೆ ಮಿತಿಮೀರಿದ ವೋಲ್ಟೇಜು ಕೊಡುತ್ತದೆ.

ಇಂಥ ಅಗ್ಗದ ಲೈಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರಿನ ಮೂಲಕ ಮೇನ್ಸ್ ಕರೆಂಟೇ ನೇರ ಒಳಗೆ ಬರುತ್ತದೆ. ಪ್ಲಗ್ಗಿನಲ್ಲಿರುವಾಗ ಒಳಭಾಗದ ಯಾವ ಲೋಹ ಮುಟ್ಟಿದರೂ ಶಾಕ್ ಹೊಡೆಯಬಹುದು. ಚಾರ್ಜಾಗುತ್ತಿರುವಾಗ ಬಿಚ್ಚುವುದು ಖಂಡಿತ ಬೇಡ.

ಪ್ರಶ್ನೆ: ಹಳೆಯ ಸೀಮೆಎಣ್ಣೆ ಲಾಟೀನು ಹಚ್ಚಿದರೆ ಹೊಗೆ ಕಾರುತ್ತದೆ, ಗಾಜೆಲ್ಲ ಕಪ್ಪು. ಸರಿಮಾಡುವುದು ಹೇಗೆ?

ಮೊದಲು ಬತ್ತಿ ನೋಡಿ. ತುದಿ ಸುಟ್ಟು ಗಡುಸಾಗಿದ್ದರೆ ಹರಿತ ಕತ್ತರಿಯಿಂದ ನೇರ ಅಡ್ಡಕ್ಕೆ ಕತ್ತರಿಸಿ, ಎರಡೂ ಮೂಲೆಗಳನ್ನು ಒಂದು ಮಿಲಿಮೀಟರಿನಷ್ಟು ಓರೆ ಮಾಡಿ. ಮೂಲೆ ಹಾಗೇ ಬಿಟ್ಟರೆ ಜ್ವಾಲೆಗೆ ಎರಡು ಕೊಂಬು ಮೂಡುತ್ತವೆ, ಮಸಿ ಹಿಡಿಯುವುದು ಆ ಕೊಂಬುಗಳಿಂದಲೇ. ಬರ್ನರಿನ ಕೆಳಗಿನ ಸಣ್ಣ ರಂಧ್ರಗಳಲ್ಲಿ ಧೂಳು, ಸತ್ತ ಹುಳ ತುಂಬಿದ್ದರೆ ಗಾಳಿ ಸಾಲದೆ ಹೊಗೆ ಬರುತ್ತದೆ, ಬ್ರಷ್ಷಿನಿಂದ ಬಿಡಿಸಿ. ಹೊಸ ಬತ್ತಿಯಾದರೆ ಎಣ್ಣೆ ಹಾಕಿ ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು ಹಚ್ಚಿ, ಇಲ್ಲವಾದರೆ ಉರಿಯುವುದು ಎಣ್ಣೆಯಲ್ಲ, ಬತ್ತಿ.

ಹಚ್ಚುವಾಗ ಬತ್ತಿ ತಗ್ಗಿನಲ್ಲಿರಲಿ. ಗಾಜು ಇಳಿಸಿ ಎರಡು ಮೂರು ನಿಮಿಷ ಬಿಸಿಯಾಗಲು ಬಿಟ್ಟು ಆಮೇಲೆ ಏರಿಸಿ. ಬೆಳಕು ಸಾಲದೆಂದು ಇನ್ನೊಂದು ಸುತ್ತು ತಿರುಗಿಸುತ್ತೇವಲ್ಲ, ಹೊಗೆ ಶುರುವಾಗುವುದು ಅಲ್ಲಿ. ಹೊಗೆ ಬಂದ ಜಾಗದಿಂದ ತುಸು ಇಳಿಸಿದರೆ ಅದೇ ಆ ಲಾಟೀನಿನ ಗರಿಷ್ಠ ಬೆಳಕು. ತೀರಾ ಕಿರಿದು ಮಾಡಿದರೂ ಎಣ್ಣೆ ಅರೆಬರೆ ಉರಿದು ವಾಸನೆ ಬರುತ್ತದೆ. ಬಿಸಿ ಗಾಜಿಗೆ ಒಂದು ಹನಿ ನೀರು ಬಿದ್ದರೂ ಸಿಡಿದೀತು, ಆರಿದ ಮೇಲೆಯೇ ಒಣ ಕಾಗದದಿಂದ ಒರೆಸಿ.

ಉರಿಯುತ್ತಿರುವಾಗ ಎಣ್ಣೆ ತುಂಬಬೇಡಿ. ಆರಿಸಿ, ತಣಿದ ಮೇಲೆ, ಅಂಚಿನವರೆಗೆ ತುಂಬದೆ ಸ್ವಲ್ಪ ಜಾಗ ಬಿಡಿ. ಪೆಟ್ರೋಲು ಒಂದು ಚಮಚವೂ ಬೆರೆಯಕೂಡದು. ಸೀಮೆಎಣ್ಣೆಯ ಆವಿ ಹತ್ತಿಕೊಳ್ಳಲು ಅದು 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಾಗಬೇಕು. ಪೆಟ್ರೋಲಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಸಾಕು. ಬೆರಕೆ ಎಣ್ಣೆಯ ಲಾಟೀನು ಸಿಡಿಯುವುದು ಇದಕ್ಕೇ.

ಕೋಣೆಯ ಕಿಟಕಿ ಸ್ವಲ್ಪ ತೆರೆದಿರಲಿ, ಮಲಗುವ ಮುಂಚೆ ಆರಿಸಿ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿದರೆ ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾರಣವಿಲ್ಲದೆ ತಲೆನೋವು, ವಾಕರಿಕೆ ಬಂದರೆ ದೀಪ ಆರಿಸಿ ಕೂಡಲೇ ಹೊರಗೆ ಬನ್ನಿ. ಲಾಟೀನಿನ ಮೇಲೆ ಪ್ರೀತಿಯಿರುವವರು ಬೇಸರಿಸಬಾರದು: ಅದು ಗಂಟೆಗೆ 20ರಿಂದ 30 ಮಿಲಿಲೀಟರ್ ಎಣ್ಣೆ ಕುಡಿದು ಇನ್ನೂರು ವಾಟಿಗೂ ಮೀರಿ ಬಿಸಿ ಹೊರಹಾಕುತ್ತದೆ. ಅದರ ಬೆಳಕನ್ನು ಒಂದು ವಾಟಿನ ಎಲ್‌ಇಡಿ ಕೊಡುತ್ತದೆ.

ಪ್ರಶ್ನೆ: ಮೇಣದಬತ್ತಿ?

ಬೇರೇನೂ ಇಲ್ಲದಾಗ. ಅಗಲ ತಟ್ಟೆಯಲ್ಲಿ ಮರಳು ಹಾಕಿ ನಿಲ್ಲಿಸಿ, ಸುತ್ತ 30 ಸೆಂಟಿಮೀಟರ್ ಪರದೆ, ಕಾಗದ ಏನೂ ಇರದಿರಲಿ, ಕೋಣೆ ಬಿಟ್ಟು ಹೋಗುವಾಗ ಊದಿ. ಗ್ಯಾಸ್ ವಾಸನೆ ಬರುತ್ತಿದ್ದರೆ ಬತ್ತಿಯಿರಲಿ, ಟಾರ್ಚಿನ ಗುಂಡಿಯನ್ನೂ ಒಳಗೆ ಒತ್ತಬೇಡಿ. ಟಾರ್ಚನ್ನು ಹೊರಗೆ ಹೋಗಿ ಹಚ್ಚಿ.

ಪ್ರಶ್ನೆ: ಮೊಬೈಲಿನ ಟಾರ್ಚು ಸಾಲದೇ?

ಬೆಳಕು ಸಾಲುತ್ತದೆ, ಆದರೆ ಮೊಬೈಲು ಸಾಯುತ್ತದೆ. ಕರೆ ಮಾಡಲು, ಸುದ್ದಿ ತಿಳಿಯಲು ಬೇಕಾದ ಚಾರ್ಜನ್ನು ಗೋಡೆ ಬೆಳಗಲು ಸುಡಬೇಡಿ. ಟಾರ್ಚು ಹುಡುಕಿಕೊಳ್ಳುವವರೆಗೆ ಬಳಸಿ, ಆರಿಸಿ.

ಪ್ರಶ್ನೆ: ಕೈತೋಟದ ಸೋಲಾರ್ ದೀಪಗಳನ್ನು ರಾತ್ರಿ ಒಳಗೆ ತರಬಹುದೇ?

ಧಾರಾಳವಾಗಿ, ಓಣಿಗೂ ಬಚ್ಚಲಿಗೂ ಹೇಳಿಮಾಡಿಸಿದ ಬೆಳಕು. ಹಗಲು ಮರೆಯದೆ ಹೊರಗಿಡಿ. ಕಿಟಕಿಯ ಗಾಜಿನೊಳಗೆ ಇಟ್ಟರೆ ಚಾರ್ಜು ಅರೆಬರೆ. ಫಲಕದ ಒಂದು ಮೂಲೆಗೆ ಎಲೆಯ ನೆರಳು ಬಿದ್ದರೂ ಉತ್ಪಾದನೆ ಕುಸಿಯುತ್ತದೆ, ಏಕೆಂದರೆ ಫಲಕದ ತುಣುಕುಗಳು ಸರಣಿಯಲ್ಲಿವೆ. ಬೇರೆ ದೀಪದ ಬೆಳಕು ಫಲಕಕ್ಕೆ ತಾಗಿದರೆ ಹಗಲೆಂದು ತಿಳಿದು ಆರಿಹೋಗುತ್ತವೆ, ಫಲಕದ ಮೇಲೆ ಕಪ್ಪು ಟೇಪು ಹಚ್ಚಿದರಾಯಿತು. ಬೆಳಗ್ಗೆ ತೆಗೆಯಲು ನೆನಪಿರಲಿ. ಒಳಗಿನ ಸೆಲ್ಲು ಬದಲಿಸುವಾಗ ಚಾರ್ಜಾಗುವ 1.2 ವೋಲ್ಟಿನದೇ ಹಾಕಿ. ಆಲ್ಕಲೈನ್ ಹಾಕಿದರೆ ಸೂರ್ಯ ಅದನ್ನೂ ಚಾರ್ಜು ಮಾಡಲು ಹೊರಡುತ್ತಾನೆ, ಸೆಲ್ಲು ಸೋರುತ್ತದೆ.

ಪ್ರಶ್ನೆ: ಮಕ್ಕಳ ಕೈಗೆ ಎಂಥ ದೀಪ ಕೊಡಬೇಕು?

ಎಎ ಅಥವಾ ಎಎಎ ಸೆಲ್ಲಿನ, ಬಿದ್ದರೂ ಒಡೆಯದ, 30 ಲ್ಯೂಮೆನ್ ಮೀರದ ಪುಟ್ಟ ಟಾರ್ಚು. ದಾರ ಕಟ್ಟಿ ಕೊರಳಿಗೆ ಹಾಕುವಂತಿದ್ದರೆ ಇನ್ನೂ ಒಳ್ಳೆಯದು. ಬಿಲ್ಲೆಯಂಥ ಬಟನ್ ಸೆಲ್ಲಿನ ದೀಪ, ಕೃತಕ ಮೇಣದಬತ್ತಿ ಇವು ಮನೆಯಲ್ಲಿದ್ದರೆ ಸೆಲ್ಲಿನ ಮುಚ್ಚಳ ಸ್ಕ್ರೂ ಹಾಕಿ ಬಿಗಿದಿರಬೇಕು. ನುಂಗಿದ ಬಟನ್ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅಲ್ಲಿ ಆಳವಾದ ಸುಟ್ಟಗಾಯ ಮಾಡಬಲ್ಲದು. ವಾಂತಿ ಮಾಡಿಸಲು ಹೋಗದೆ, ನುಂಗಿರಬಹುದು ಎಂಬ ಅನುಮಾನವಿದ್ದರೂ ಸಾಕು, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಬಳಸದೆ ಇಟ್ಟ ಹೊಸ ಟಾರ್ಚಿನ ಬ್ಯಾಟರಿ ಮೂರು ತಿಂಗಳಿಗೆ ಖಾಲಿ. ಯಾಕೆ?

ಮೆತ್ತಗೆ ಒತ್ತುವ ಎಲೆಕ್ಟ್ರಾನಿಕ್ ಗುಂಡಿಯಿದ್ದರೆ ಒಳಗಿನ ಎಲೆಕ್ಟ್ರಾನಿಕ್ ಚಿಪ್ ಆ ಒತ್ತಿಗಾಗಿ ಸದಾ ಕಾಯುತ್ತ ಹನಿಹನಿಯಾಗಿ ಬ್ಯಾಟರಿ ಕುಡಿಯುತ್ತಿರುತ್ತದೆ. ಬಾಲದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ನೋಡಿ. ಮರೆಗಳಿಗೆ ವಿದ್ಯುತ್ ಹರಿಯದ ಲೇಪ ಇರುವ ಟಾರ್ಚುಗಳಲ್ಲಿ ಅಷ್ಟಕ್ಕೇ ಸಂಪರ್ಕ ಪೂರ್ತಿ ಕಡಿದುಹೋಗುತ್ತದೆ, ಚೀಲದೊಳಗೆ ಗುಂಡಿ ಒತ್ತಿಕೊಂಡು ಉರಿಯುವ ಭಯವೂ ಇಲ್ಲ. ಹಾಗೆ ಸಡಿಲಿಸಿಟ್ಟದ್ದನ್ನು ಮನೆಯವರಿಗೆಲ್ಲ ಹೇಳಿಡಿ, ಇಲ್ಲವಾದರೆ ಕತ್ತಲಲ್ಲಿ ಗುಂಡಿ ಒತ್ತಿ ಒತ್ತಿ ಟಾರ್ಚು ಕೆಟ್ಟಿದೆ ಎಂದು ಪಕ್ಕಕ್ಕಿಡುತ್ತಾರೆ.